ಕುಳಿತು ಬಿಟ್ಟ ಬಾಣ

ಬೆಳುವಾಯಿ
೧೮-೧೧-೧೯೬೬

ಚಿರಂಜೀವಿ ಶಂಭುವಿಗೆ ನಿನ್ನ ಸೋದರಮಾವ ಮುಂಡಪ್ಪ ಶೆಟ್ಟಿಯ ಆಶೀರ್ವಾದಗಳು.

ಆಸ್ಪತ್ರೆಯಲ್ಲಿ ನಿನ್ನ ಕೈಗೆ ಬಿಲ್ಲು ಕೊಟ್ಟಿದ್ದಾರೆ ಎಂದು ಓದಿ ನನಗೆ ಆಶ್ಚರ್ಯವಾಗಲಿಲ್ಲ. ಅದು ರಕ್ತದಲ್ಲಿ ಬಂದದ್ದು. ನಿನಗೆ ಯಾರೂ ಹೇಳಿರಲಿಕ್ಕಿಲ್ಲ, ನನ್ನ ಹದಿನೆಂಟನೆಯ ವಯಸ್ಸಿನಲ್ಲಿ ನಾನು ಬೆಳುವಾಯಿಯ ಗುಡ್ಡೆಯಲ್ಲಿ ನಿಂತು ಬಿಟ್ಟ ಒಂದು ಬಾಣ ಗುರುವಾಯನಕೆರೆಯ ಕೆರೆಯಲ್ಲಿ ಈಜುತ್ತಿದ್ದ ಎರಡು ಬಾತುಕೋಳಿಗಳನ್ನು ಒಟ್ಟಿಗೆ ಪೋಣಿಸಿತ್ತು. ಆಗಿನ ಬಿಳಿ ಕಲೆಕ್ಟರು ಕುದುರೆಯಿಂದ ಇಳಿದು, ಟೊಪ್ಪಿ ತೆಗೆದು, “ಶೆಟ್ರೇ, ಇಂಥ ಗುರಿ ನಮ್ಮ ವಿಲಾಯತಿಯಲ್ಲೂ ಇಲ್ಲ” ಎಂದರು. ಆ ಬಾತುಕೋಳಿ ತಿಂದವರೆಲ್ಲ ಸಾಕ್ಷಿಗೆ ಇದ್ದರು. ಈಗ ಒಬ್ಬೊಬ್ಬರಾಗಿ ತೀರಿಕೊಂಡಿದ್ದಾರೆ, ಏನು ಮಾಡುವುದು.

ನಿನ್ನ ಪತ್ರದ ಉಳಿದ ಭಾಗವನ್ನು ನಾಲ್ಕು ಸಲ ಓದಿದೆ. ಯುದ್ಧ ಮುಗಿದು ವರ್ಷ ದಾಟಿತು, ಸೊಂಟದ ಪೆಟ್ಟು ವಾಸಿಯಾಗಿ ನೀನು ನಡೆದು ಬರುತ್ತೀ ಎಂದು ನಾವು ತಿಳಿದಿದ್ದೆವು. ಕಾಲುಗಳು ಇನ್ನು ಬರುವುದಿಲ್ಲ, ಇನ್ನು ಮೇಲೆ ಗಾಲಿಕುರ್ಚಿಯೇ ಎಂದು ಡಾಕ್ಟರು ಹೇಳಿದ್ದನ್ನು ನೀನು ಒಂದೇ ಸಾಲಿನಲ್ಲಿ ಬರೆದಿದ್ದೀ. ಅಕ್ಕನಿಗೆ ಆ ಸಾಲು ಓದಲಿಲ್ಲ. ನಿನ್ನ ತಾಯಿಗೆ ಓದು ಬಾರದ್ದು ಈ ಒಂದು ದಿನ ಉಪಕಾರಕ್ಕೆ ಬಂತು. “ಮೊಣಕಾಲಿನ ನೋವು ಸ್ವಲ್ಪ ಉಂಟಂತೆ” ಎಂದು ಓದಿದೆ. ಸಮಯ ನೋಡಿ ನಾನೇ ಹೇಳುತ್ತೇನೆ.

ನಮ್ಮ ಜಗಲಿಗೆ ಏಳು ಮೆಟ್ಟಿಲು, ಮನೆಯಲ್ಲಿ ನನಗೆ ಜಾಗ ಉಂಟಾ ಎಂದು ಕೇಳಿದ್ದೀ. ಇದು ಕೇಳುವ ಮಾತಾ? ನಮ್ಮ ಅಳಿಯಕಟ್ಟಿನಲ್ಲಿ ಈ ಮನೆ ನಿನ್ನ ತಾಯಿಯದು, ಅವಳ ನಂತರ ನಿನ್ನದು. ನಾನು ಬೀಗದ ಕೈ ಹಿಡಿದವನು ಮಾತ್ರ. ನೀನು ಹೇಳಿದ ಹಾಗೆ ಅಂಗಳದ ಮೂಡು ಬದಿಯಲ್ಲಿ, ನೆಲಕ್ಕೆ ಸಮನಾಗಿ ಒಂದು ಕೋಣೆ ಕಟ್ಟಿಸುತ್ತೇನೆ. ಹಣ ಕಳುಹಿಸು. ಕೆಲಸ ನನಗೆ ಬಿಡು.

ನಿನ್ನ ಮಾವ
ಮುಂಡಪ್ಪ ಶೆಟ್ಟಿ


ಪುಣೆ, ಸೈನ್ಯದ ಆಸ್ಪತ್ರೆ
೪-೧೨-೧೯೬೬

ತೀರ್ಥರೂಪ ಸಮಾನರಾದ ಮಾವನವರಿಗೆ ಶಂಭುವಿನ ನಮಸ್ಕಾರಗಳು.

ಸಾಷ್ಟಾಂಗ ಎಂದು ಬರೆಯುವುದು ರೂಢಿ. ಈಗ ಆ ಶಬ್ದ ಬರೆಯಲು ಕೈ ಹೋಗುವುದಿಲ್ಲ, ಬೇಸರ ಮಾಡಬೇಡಿ.

ಇನ್ನೂರೈವತ್ತು ರೂಪಾಯಿ ಮನಿಯಾರ್ಡರು ಮಾಡಿದ್ದೇನೆ. ಪೆಟ್ಟಿಗಾಗಿ ಸರಕಾರ ಕೊಟ್ಟ ಹಣ ಒಟ್ಟು ಸಾವಿರ ಉಂಟು. ಉಳಿದದ್ದನ್ನು ಕಂತಿನಲ್ಲಿ ಕಳುಹಿಸುತ್ತೇನೆ. ಕೋಣೆಯ ಬಾಗಿಲು ಮೂರು ಅಡಿ ಅಗಲ ಇರಲಿ. ಮುಖ್ಯವಾಗಿ ಹೊಸ್ತಿಲು ಬೇಡ. ಎರಡು ಅಂಗುಲದ ಹೊಸ್ತಿಲಿದ್ದರೂ ನಾನು ಒಳಗೆ ಹೋಗಲು ಇನ್ನೊಬ್ಬರನ್ನು ಕರೆಯಬೇಕು.

ಬಿಲ್ಲಿನ ವಿಷಯ. ಇದು ಭುಜಕ್ಕೆ ಬಲ ಬರಲೆಂದು ಕೊಟ್ಟದ್ದು. ಹುಲ್ಲಿನ ದುಂಡು ಗುರಿ, ಅದರ ಮೇಲೆ ಐದು ಬಣ್ಣದ ಬಳೆಗಳು. ನಡುವಿನ ಹಳದಿಗೆ ಒಂಬತ್ತು ಅಂಕ, ಹೊರಗಿನ ಬಿಳಿಗೆ ಒಂದು. ಕಷ್ಟ ಗುರಿಯದ್ದಲ್ಲ, ಮಾವ. ನಾಣನ್ನು ಎಳೆದಾಗ ಇಡೀ ದೇಹ ಎಳೆದ ಕಡೆಗೇ ವಾಲುತ್ತದೆ, ಸೊಂಟದ ಕೆಳಗೆ ನನ್ನನ್ನು ಹಿಡಿದು ನಿಲ್ಲಿಸುವುದು ಏನೂ ಇಲ್ಲ. ಮೊದಲ ವಾರ ನಾನು ಬಾಣಕ್ಕಿಂತ ಮುಂಚೆ ನೆಲಕ್ಕೆ ಬೀಳುತ್ತಿದ್ದೆ. ಪಕ್ಕದ ಹಾಸಿಗೆಯಲ್ಲಿ ನಮ್ಮ ಬಂಟ್ವಾಳದ ಸುಲೈಮಾನ್ ಎಂಬವ ಇದ್ದಾನೆ. ಸೈನ್ಯದಲ್ಲಿ ಲಾರಿ ಡ್ರೈವರಾಗಿದ್ದ, ಈಗ ನನ್ನ ಹಾಗೆಯೇ. ಅವನೇ ನನ್ನ ಸೊಂಟವನ್ನು ಲುಂಗಿಯಿಂದ ಕುರ್ಚಿಗೆ ಬಿಗಿದು ಕಟ್ಟಿದ. “ಅರ್ಧ ಉಸಿರು ಬಿಡು, ಅರ್ಧ ಒಳಗೇ ಇಟ್ಟುಕೋ, ಆಮೇಲೆ ಬಿಡು ಮಾರಾಯ” ಎಂದು ತುಳುವಿನಲ್ಲೇ ಹೇಳಿಕೊಟ್ಟ. ಇಲ್ಲಿ ನಾವಿಬ್ಬರು ತುಳು ಮಾತಾಡಿದರೆ ವಾರ್ಡಿನವರು ಜಗಳ ಎಂದು ತಿಳಿಯುತ್ತಾರೆ. ಜನವರಿಯಲ್ಲಿ ಇಲ್ಲಿ ಒಂದು ಬಿಲ್ಲಿನ ಪಂದ್ಯ ಇಟ್ಟಿದ್ದಾರೆ, ನಮ್ಮಿಬ್ಬರ ಹೆಸರೂ ಉಂಟು.

ಊರಿನಲ್ಲಿ ನನ್ನ ಮೇಲೆ ಟ್ಯಾಂಕು ಹರಿಯಿತೆಂದು ನೀವು ಹೇಳಿದ್ದೀರಂತೆ. ಟ್ಯಾಂಕಲ್ಲ, ನಮ್ಮದೇ ಲಾರಿ ಮೋರಿಗೆ ಮಗುಚಿದ್ದು. ದಯವಿಟ್ಟು ಅಮ್ಮನಿಗೆ ಕಾಲಿನ ವಿಷಯ ಹೇಳಿ. ನಾನು ಬರೆದರೂ ಓದುವವರು ನೀವೇ ಅಲ್ಲವೇ?

ಒಂದು ಫೋಟೋ ಇಟ್ಟಿದ್ದೇನೆ.

ನಿಮ್ಮ
ಶಂಭು


ಬೆಳುವಾಯಿ
೨೮-೧೨-೧೯೬೬

ಚಿರಂಜೀವಿ ಶಂಭುವಿಗೆ ಆಶೀರ್ವಾದಗಳು.

ಹಣ ಬಂತು. ಮೇಸ್ತ್ರಿ ಹುಕ್ರಪ್ಪನನ್ನು ಕರೆಸಿ ಜಾಗ ತೋರಿಸಿದೆ. ಅಳತೆಗೆಲ್ಲ ತಲೆ ಆಡಿಸಿದವನು ಹೊಸ್ತಿಲು ಬೇಡ ಎಂದ ಕೂಡಲೇ ಹಗ್ಗ ಸುತ್ತಿ ಎದ್ದು ನಿಂತ.

“ಹೊಸ್ತಿಲಿಲ್ಲದ ಬಾಗಿಲು ದನದ ಹಟ್ಟಿಗೆ ಆಗ್ತದೆ ಶೆಟ್ರೇ, ಮನುಷ್ಯರು ಇರುವಲ್ಲಿಗೆ ಆಗುವುದಿಲ್ಲ. ಲಕ್ಷ್ಮಿ ಎಲ್ಲಿ ಕೂರುವುದು?”

“ಲಕ್ಷ್ಮಿಗೆ ನಾನು ಕುರ್ಚಿ ಹಾಕ್ತೇನೆ. ನೀನು ಕಲ್ಲು ಕಟ್ಟು.”

“ಯಾಕೆ ಬೇಡ ಅಂತ ಆದ್ರೂ ಹೇಳಿ.”

“ಮಿಲಿಟರಿಯವರ ಪದ್ಧತಿ ಅದು, ನಿನಗೆ ಗೊತ್ತಾಗುವುದಿಲ್ಲ” ಎಂದೆ. ಆಮೇಲೆ ಅವನು ನಾಲ್ಕು ಗೂಟ ಹೊಡೆದು ಹೋದ. ಮುಂಡಾಜೆಯಲ್ಲಿ ಒಳ್ಳೆಯ ಹಲಸಿನ ಮರ ಉಂಟಂತೆ, ಬಾಗಿಲಿಗೆ ಅದನ್ನೇ ತರಿಸುತ್ತೇನೆ.

ಫೋಟೋ ನೋಡಿ ಅಕ್ಕ ಬಹಳ ಹೊತ್ತು ಕೆಳಗಿಡಲಿಲ್ಲ. “ಇವ ಯಾಕೆ ಗಾಡಿಯಲ್ಲಿ ಕೂತದ್ದು?” ಎಂದಳು. ದೊಡ್ಡ ಬಿಲ್ಲುಗಾರರು ರಥದಲ್ಲಿ ಕೂತೇ ಬಾಣ ಬಿಡುವುದು, ಅದು ಪದವಿ ಎಂದೆ.

“ಬಯಲಾಟದಲ್ಲಿ ರಥದವ ನಿಂತೇ ಇರ್ತಾನೆ. ಮತ್ತೆ ಇದಕ್ಕೆ ಕುದುರೆ ಎಲ್ಲಿ?”

“ಕುದುರೆ ಫೋಟೋದೊಳಗೆ ಹಿಡಿಯಲಿಲ್ಲ ಅಕ್ಕ.”

ಅವಳು ನಗಲಿಲ್ಲ. “ಚಪ್ಪಲಿಯ ಅಡಿಗೆ ಒಂದು ಚೂರು ಮಣ್ಣಿಲ್ಲ ನೋಡು” ಎಂದು ಹೇಳಿ ಒಳಗೆ ಹೋದಳು. ಹೇಳುವ ಸಮಯ ಅದಲ್ಲ ಎಂದು ನಾನು ಪೇಟೆಗೆ ಹೊರಟೆ.

ಪೇಟೆಯಲ್ಲಿ ನಿನ್ನ ಬಿಲ್ಲಿನದ್ದೇ ಸುದ್ದಿ. ಹೋಟೆಲಿನ ಚಿನ್ನಯ್ಯ ಗೊತ್ತಲ್ಲ, ಗಲ್ಲಾದಲ್ಲಿ ಕೂತು ಹಲ್ಲು ಕಿರಿಯುತ್ತಾನೆ. “ನಿಮ್ಮ ಅಳಿಯ ಮಾವಿನಕಾಯಿಗೆ ಕಲ್ಲು ಬಿಟ್ಟರೆ ಮಾಸ್ಟ್ರ ಮನೆಯ ಹೆಂಚಿಗೆ ಬೀಳ್ತಿತ್ತು. ಅವ ಬಾಣ ಬಿಡುವುದಾ?” ಎಂದ. ಹತ್ತು ಜನರ ಎದುರು ಸುಮ್ಮನಿರಲು ನನ್ನಿಂದ ಆಗುತ್ತದಾ? ಪುಣೆಯ ಪಂದ್ಯದಲ್ಲಿ ನೀನು ಮೊದಲನೆಯವ ಎಂದು ಪಂಥ ಕಟ್ಟಿದೆ. ಹೆದರಬೇಡ, ಒಂದು ಚಹಾ, ಎರಡು ಗೋಳಿಬಜೆ, ಅಷ್ಟೇ. ಫಲಿತಾಂಶ ಬಂದ ಕೂಡಲೇ ಬರೆ. ಎಷ್ಟನೆಯ ಸ್ಥಾನ ಎಂದು ಸ್ಪಷ್ಟವಾಗಿ ಬರೆ.

ನಿನ್ನ ಮಾವ
ಮುಂಡಪ್ಪ ಶೆಟ್ಟಿ


ಪುಣೆ
೩೦-೧-೧೯೬೭

ಮಾವನವರಿಗೆ ನಮಸ್ಕಾರಗಳು.

ಪಂದ್ಯ ಮೊನ್ನೆ ಮುಗಿಯಿತು. ನಾಲ್ಕು ಆಸ್ಪತ್ರೆಗಳಿಂದ ಹದಿನಾರು ಜನ. ಒಬ್ಬೊಬ್ಬರಿಗೆ ಮೂವತ್ತಾರು ಬಾಣ. ಸುಲೈಮಾನ್ ಮೊದಲನೆಯವ, ನಾನು ಎರಡನೆಯವ. ಎರಡು ತಿಂಗಳ ಹಿಂದೆ ಕುರ್ಚಿಯಿಂದ ಬೀಳುತ್ತಿದ್ದವನಿಗೆ ಇದು ಎಷ್ಟು ಎಂಬುದು ನಿಮಗೆ ಅರ್ಥವಾಗುತ್ತದೆ. ನಿಮ್ಮ ಮುಖ ನೆನೆದೇ ಈ ಪತ್ರ ಬರೆಯಲು ಕೂತೆ.

ಮಾರ್ಚಿನಲ್ಲಿ ಬೊಂಬಾಯಿಯಲ್ಲಿ ಇನ್ನೊಂದು ಪಂದ್ಯ ಉಂಟು. ಅದರಲ್ಲಿ ಗೆದ್ದವನನ್ನು ಜುಲೈಯಲ್ಲಿ ಇಂಗ್ಲೆಂಡಿಗೆ ಕಳುಹಿಸುತ್ತಾರೆ. ಅಲ್ಲಿ ನಮ್ಮಂಥವರಿಗಾಗಿಯೇ ಬೇರೆ ಬೇರೆ ದೇಶದವರ ಪಂದ್ಯ.

ಮುನ್ನೂರು ರೂಪಾಯಿ ಕಳುಹಿಸಿದ್ದೇನೆ. ಪಾಯ ಎಲ್ಲಿಯವರೆಗೆ ಬಂತು? ಅಮ್ಮನಿಗೆ ಹೇಳಿದಿರಾ?

ನಿಮ್ಮ
ಶಂಭು


ಬೆಳುವಾಯಿ
೨೦-೨-೧೯೬೭

ಚಿರಂಜೀವಿ ಶಂಭುವಿಗೆ ಆಶೀರ್ವಾದಗಳು.

ಎರಡನೆಯವ ಎಂದು ಬರೆದಿದ್ದೀ. ಎಣಿಸಿದವರು ಸರಿಯಾಗಿ ಎಣಿಸಿದರಾ? ಕೆಲವು ಸಲ ಎರಡು ಬಳೆಗಳ ನಡುವಿನ ಗೆರೆಗೆ ಬಾಣ ತಾಗಿದರೆ ಕಡಿಮೆಯದನ್ನು ಬರೆದುಬಿಡುತ್ತಾರೆ. ನೀನು ಬಾಯಿ ಬಿಟ್ಟು ಕೇಳಬೇಕಿತ್ತು. ಚಿನ್ನಯ್ಯ ನಿನ್ನ ಪತ್ರವನ್ನು ತಾನೇ ತೆಗೆದುಕೊಂಡು ಹೋಟೆಲಿನಲ್ಲಿ ಗಟ್ಟಿಯಾಗಿ ಎರಡು ಸಲ ಓದಿದ. ಹೊಸ್ತಿಲು ಬೇಡ ಎಂದು ಬರೆದ ಹಿಂದಿನ ಪತ್ರ ಅಲ್ಲ, ಇದು. ಇದರಲ್ಲಿ ಕಾಲಿನ ಮಾತು ಇಲ್ಲದ ಕಾರಣ ಕೊಟ್ಟೆ.

ಕೋಣೆಯ ಪಾಯ ಮುಗಿದು ಗೋಡೆ ಮೊಣಕಾಲಿನವರೆಗೆ ಬಂದಿದೆ. ಮುರಕಲ್ಲು ಮೂಡಬಿದ್ರೆಯಿಂದ. ಒಂದೊಂದು ಕಲ್ಲು ತಟ್ಟಿದರೆ ಗಂಟೆಯ ಹಾಗೆ ಶಬ್ದ ಕೊಡುತ್ತದೆ. ಅಕ್ಕನಿಗೆ ಹೇಳಿದೆ. ಸ್ವಲ್ಪ ಅತ್ತಳು, ಆಮೇಲೆ ಎದ್ದು ಅಡಿಗೆ ಮಾಡಿದಳು. ಆ ವಿಷಯ ಇನ್ನು ಬರೆಯಬೇಡ, ಓದುವಾಗ ಅವಳಿಗೆ ಕಷ್ಟ ಆಗುತ್ತದೆ.

ಬೊಂಬಾಯಿಯಲ್ಲಿ ಮೊದಲನೆಯ ಸ್ಥಾನವೇ ಬರಬೇಕು. ಬಂಟ್ವಾಳದವನಿಗೆ ಬೆಳುವಾಯಿಯವನು ಸೋಲಬಾರದು. ಮುಂದಿನ ಹಣ ಮಾರ್ಚ್ ಹತ್ತರೊಳಗೆ ಸಿಕ್ಕಿದರೆ ಅನುಕೂಲ. ಹೆಂಚಿಗೆ ಮುಂಗಡ ಕೊಡಲಿಕ್ಕೆ.

ನಿನ್ನ ಮಾವ
ಮುಂಡಪ್ಪ ಶೆಟ್ಟಿ


ಪುಣೆ
೨೬-೩-೧೯೬೭

ಮಾವನವರಿಗೆ ನಮಸ್ಕಾರಗಳು.

ಅಮ್ಮನಿಗೆ ಹೇಳಿದ್ದಕ್ಕೆ ನಿಮಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ಆ ಸಾಲನ್ನು ಸುಲೈಮಾನನಿಗೆ ಓದಿ ಹೇಳಿದೆ. “ಅತ್ತು ಎದ್ದು ಅಡಿಗೆ ಮಾಡಿದರಾ? ಹಾಗಾದ್ರೆ ನಿನ್ನ ಮನೆಯಲ್ಲಿ ನಿನಗೆ ಊಟ ಉಂಟು ಅಂತ ಅರ್ಥ” ಎಂದ. ನನಗೂ ಹಾಗೆಯೇ ತೋರಿತು. ಎರಡು ವರ್ಷದಲ್ಲಿ ಮೊದಲ ಸಲ ಊರು ಕನಸಿಗೆ ಬಂತು.

ಬೊಂಬಾಯಿಯಲ್ಲಿ ನಾನು ನಾಲ್ಕನೆಯವ. ಎರಡು ದಿನ ಜ್ವರ ಇತ್ತು, ಬೇರೇನಿಲ್ಲ. ಸುಲೈಮಾನ್ ಮೊದಲನೆಯವ, ಇಂಗ್ಲೆಂಡಿಗೆ ಅವನೇ ಹೋಗುವುದು. ನನಗೆ ಇದರಲ್ಲಿ ದುಃಖವಿಲ್ಲ. ಅವನು ಬಾಣ ಬಿಡುವುದನ್ನು ನೀವು ನೋಡಬೇಕು. ಬಿಟ್ಟ ಮೇಲೆ ಅವನು ಗುರಿಯ ಕಡೆ ನೋಡುವುದೇ ಇಲ್ಲ, ಮುಂದಿನ ಬಾಣಕ್ಕೆ ಕೈ ಹಾಕುತ್ತಾನೆ.

ಉಳಿದ ನಾನೂರೈವತ್ತು ಹತ್ತನೆಯ ತಾರೀಕಿನ ಮೊದಲೇ ಕಳುಹಿಸಿದ್ದೆ, ಮುಟ್ಟಿರಬೇಕು. ಇನ್ನು ನನ್ನ ಹತ್ತಿರ ಹಣವಿಲ್ಲ. ಕೋಣೆಯ ಕಿಟಕಿ ಯಾವ ದಿಕ್ಕಿಗೆ ಇಟ್ಟಿರಿ? ಪಂಥ ಒಂದು ಚಹಾದ್ದೇ ಆಗಿದ್ದರೂ ಬಿಟ್ಟುಬಿಡಿ ಮಾವ. ಬಾಣ ಬಿಡುವಾಗ ಚಿನ್ನಯ್ಯಣ್ಣನ ಹಲ್ಲು ನೆನಪಾಗುತ್ತದೆ.

ನಿಮ್ಮ
ಶಂಭು


ಪುಣೆ
೨೨-೫-೧೯೬೭

ಮಾವನವರಿಗೆ ನಮಸ್ಕಾರಗಳು.

ಎರಡು ತಿಂಗಳಾಯಿತು, ನಿಮ್ಮ ಒಂದು ಕಾರ್ಡೂ ಇಲ್ಲ. ಗೋಡೆಯ ಕೆಲಸದಲ್ಲಿ ಪುರುಸೊತ್ತು ಇಲ್ಲವೆಂದು ತಿಳಿದಿದ್ದೇನೆ.

ಸುಲೈಮಾನ್ ಈ ತಿಂಗಳ ಒಂಬತ್ತಕ್ಕೆ ತೀರಿಕೊಂಡ. ನಮ್ಮಂಥವರಿಗೆ ಕೂತಲ್ಲೇ ಗಾಯವಾಗುತ್ತದೆ, ನೋವು ಗೊತ್ತಾಗುವುದಿಲ್ಲ, ವಾಸನೆ ಬಂದ ಮೇಲೆಯೇ ತಿಳಿಯುವುದು. ಅವನು ಇಂಗ್ಲೆಂಡಿಗೆಂದು ದಿನಕ್ಕೆ ಆರು ಗಂಟೆ ಕೂತು ಅಭ್ಯಾಸ ಮಾಡಿದ. ಗಾಯ ಎಲುಬಿನವರೆಗೆ ಹೋಗಿತ್ತು. ಬೊಂಬಾಯಿಯಲ್ಲಿ ನನಗೆ ಬಂದದ್ದೂ ಅಂಥದ್ದೇ ಗಾಯದ ಜ್ವರ. ನಿಮಗೆ ಬರೆದಿರಲಿಲ್ಲ. ನನ್ನದು ಒಣಗಿತು.

ಅವನ ಜಾಗದಲ್ಲಿ ನನ್ನನ್ನು ಕಳುಹಿಸುತ್ತಾರೆ. ಬೊಂಬಾಯಿಯ ಎರಡನೆಯವನೂ ಮೂರನೆಯವನೂ ಊರಿಗೆ ಹೋಗಿ ಆಗಿದೆ. ಹೋಗುವುದಿಲ್ಲ ಎಂದೆ. ಡಾಕ್ಟರು, “ಅವನ ಬಿಲ್ಲು ಇಲ್ಲಿ ಗೋಡೆಯಲ್ಲಿ ನೇತಾಡಬೇಕೋ?” ಎಂದು ಕೇಳಿದರು. ಹೋಗುತ್ತೇನೆ.

ನಿಮ್ಮಿಂದ ಎರಡು ಕೆಲಸ ಆಗಬೇಕು. ಅವನು ಬೆರಳಿಗೆ ಹಾಕುತ್ತಿದ್ದ ಚರ್ಮದ ತುಂಡನ್ನು ಇದರಲ್ಲಿ ಇಟ್ಟಿದ್ದೇನೆ. ಬಂಟ್ವಾಳದಲ್ಲಿ ಅವನ ತಂದೆ ಮಮ್ಮು ಬ್ಯಾರಿ, ತೆಂಗಿನಕಾಯಿ ವ್ಯಾಪಾರ, ಹೊಳೆಬದಿಯಲ್ಲಿ ಮನೆ. ಸುಲೈಮಾನನ ಹೆಂಡತಿಯ ಹೆಸರು ಖದೀಜ. ನೀವೇ ಹೋಗಿ ಕೊಡಬೇಕು, ಅಂಚೆಯಲ್ಲಿ ಕಳುಹಿಸಬೇಡಿ.

ಎರಡನೆಯದು, ಸೆಪ್ಟೆಂಬರಿನಲ್ಲಿ ನನ್ನನ್ನು ಇಲ್ಲಿಂದ ಬಿಡುತ್ತಾರೆ. ಮನೆ ಇದ್ದವರು ಮನೆಗೆ. ಇಲ್ಲದವರಿಗೆ ಇಲ್ಲೇ ಹತ್ತಿರ ಒಂದು ಆಶ್ರಯಧಾಮ ಉಂಟು, ಸಾಯುವವರೆಗೆ ನೋಡಿಕೊಳ್ಳುತ್ತಾರೆ. ಒಳ್ಳೆಯವರೇ. ಆಗಸ್ಟ್ ಮೂವತ್ತೊಂದರೊಳಗೆ ಕಾಗದದಲ್ಲಿ ಸಹಿ ಹಾಕಬೇಕು. ಮನೆ ಎಂದು ಬರೆದ ಮೇಲೆ ಆ ಹಾಸಿಗೆ ಬೇರೆಯವರಿಗೆ ಹೋಗುತ್ತದೆ, ತಿರುಗಿ ಸಿಕ್ಕುವುದಿಲ್ಲ. ಆದ್ದರಿಂದ ಕೋಣೆ ಆಗಿದೆಯೋ ಇಲ್ಲವೋ ಎಂಬುದನ್ನು ಇದ್ದದ್ದು ಇದ್ದ ಹಾಗೆ ಬರೆಯಿರಿ.

ನಿಮ್ಮ
ಶಂಭು


ಬೆಳುವಾಯಿ
೧೨-೬-೧೯೬೭

ಚಿರಂಜೀವಿ ಶಂಭುವಿಗೆ ಆಶೀರ್ವಾದಗಳು.

ಸುಲೈಮಾನನ ಸುದ್ದಿ ಓದಿ ಮನಸ್ಸಿಗೆ ಹೇಗೋ ಆಯಿತು. ಮಳೆ ಜೋರಾಗಿ ಹಿಡಿದಿದೆ, ಬಸ್ಸು ಸರಿ ಇಲ್ಲ. ಬಿಡುವು ಕೊಟ್ಟ ಕೂಡಲೇ ಬಂಟ್ವಾಳಕ್ಕೆ ಹೋಗುತ್ತೇನೆ. ಚರ್ಮದ ತುಂಡು ನನ್ನ ಪೆಟ್ಟಿಗೆಯಲ್ಲಿ ಜೋಪಾನವಾಗಿ ಉಂಟು.

ಕೋಣೆಗೆ ಹೆಂಚಿನ ಮಾಡು ಏರುವುದೊಂದೇ ಬಾಕಿ. ಕಿಟಕಿ ಮೂಡು ದಿಕ್ಕಿಗೆ.

ಇಂಗ್ಲೆಂಡಿನಲ್ಲಿ ಮೊದಲನೆಯವನಾಗಿ ಬಾ. ಬೇರೆ ಏನೂ ಯೋಚಿಸಬೇಡ. ಮೊದಲನೆಯವನಾದರೆ ಎಲ್ಲವೂ ಸರಿಯಾಗುತ್ತದೆ. ಬಹಳ ಮುಖ್ಯ ಎಂದು ತಿಳಿ.

ನಿನ್ನ ಮಾವ
ಮುಂಡಪ್ಪ ಶೆಟ್ಟಿ


ಇಂಗ್ಲೆಂಡು
೨೫-೭-೧೯೬೭

ಮಾವನವರಿಗೂ ಅಮ್ಮನಿಗೂ ನಮಸ್ಕಾರಗಳು.

ಈ ಪತ್ರವನ್ನು ಹುಲ್ಲಿನ ಮೈದಾನದ ಅಂಚಿನಲ್ಲಿ ಕೂತು ಬರೆಯುತ್ತಿದ್ದೇನೆ. ಇಲ್ಲಿ ಎಲ್ಲಿ ನೋಡಿದರೂ ಕುಳಿತವರೇ. ಇಪ್ಪತ್ತಕ್ಕೂ ಹೆಚ್ಚು ದೇಶಗಳ ಜನ. ಊಟದ ಮೇಜು ನಮ್ಮ ಎತ್ತರಕ್ಕೆ, ನೀರಿನ ನಲ್ಲಿ ನಮ್ಮ ಎತ್ತರಕ್ಕೆ. ನಿಂತು ನಡೆಯುವವರು ಬಾಗಿಲಲ್ಲಿ ನಮಗೆ ದಾರಿ ಬಿಟ್ಟು ಗೋಡೆಗೆ ಅಂಟಿಕೊಳ್ಳುತ್ತಾರೆ. ಮೂರು ದಿನ ಯಾರೂ ನನ್ನನ್ನು ಪಾಪ ಎಂಬ ಕಣ್ಣಿನಿಂದ ನೋಡಲಿಲ್ಲ.

ಬಿಲ್ಲಿನ ಪಂದ್ಯದಲ್ಲಿ ನಮ್ಮ ವಿಭಾಗಕ್ಕೆ ಮೂವತ್ತನಾಲ್ಕು ಜನ. ಮೊದಲ ದಿನ ಎದುರುಗಾಳಿ, ಬಾಣಗಳು ಬಿಳಿಯಲ್ಲೇ ಬಿದ್ದವು. ಒಂದು ಬಾಣ ಗುರಿಯನ್ನೇ ಮುಟ್ಟದೆ ಹುಲ್ಲಿಗೆ ಬಿತ್ತು. ಎರಡನೆಯ ದಿನ ಸುಲೈಮಾನನ ಹಾಗೆ ಗುರಿಯ ಕಡೆ ನೋಡುವುದನ್ನು ಬಿಟ್ಟೆ. ಬಿಡುವುದು, ಮುಂದಿನ ಬಾಣಕ್ಕೆ ಕೈ ಹಾಕುವುದು. ಕೊನೆಯ ಆರು ಬಾಣಗಳಲ್ಲಿ ನಾಲ್ಕು ಹಳದಿಗೆ. ಎಲ್ಲ ಸೇರಿ ನಾನು ಹನ್ನೊಂದನೆಯವ.

ನೀವು ಮೊದಲನೆಯ ಸ್ಥಾನ ಕೇಳಿದ್ದಿರಿ. ಆದರೆ ಮಾವ, ನನಗೆ ಹನ್ನೊಂದು ಸಾಕಾಯಿತು. ಮೂವತ್ತನಾಲ್ಕರಲ್ಲಿ ಹನ್ನೊಂದನೆಯವನಿಗೆ ಊರಿನಲ್ಲಿ ಬದುಕಲು ಧೈರ್ಯ ಬರುತ್ತದೆ ಎಂದು ಇಲ್ಲಿ ಗೊತ್ತಾಯಿತು. ಶಾಲೆಯ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೇನೆ, ಅದಕ್ಕೆ ಕಾಲು ಬೇಡ. ಕಾಗದದಲ್ಲಿ ಮನೆ ಎಂದೇ ಸಹಿ ಹಾಕಬೇಕೆಂದು ಮಾಡಿದ್ದೇನೆ. ನಿಮ್ಮ ಒಂದು ಪತ್ರ ಬಂದರೆ ಸಾಕು.

ಶಂಭು


ಬೆಳುವಾಯಿ
೧೯-೮-೧೯೬೭

ಚಿರಂಜೀವಿ ಶಂಭುವಿಗೆ ನಿನ್ನ ಮಾವ ಮುಂಡಪ್ಪನ ಆಶೀರ್ವಾದಗಳು.

ಈ ಪತ್ರವನ್ನು ಸಹಿ ಹಾಕುವ ಮೊದಲು ಓದು. ಪೂರ್ತಿ ಓದು.

ಮೂಡು ಬದಿಯಲ್ಲಿ ಕೋಣೆ ಇಲ್ಲ. ಪಾಯವೂ ಇಲ್ಲ. ಹುಕ್ರಪ್ಪ ಹೊಡೆದ ನಾಲ್ಕು ಗೂಟ ಉಂಟು, ಅದರಲ್ಲಿ ಒಂದನ್ನು ದನ ಕಿತ್ತು ಹಾಕಿದೆ. ಗಂಟೆಯ ಹಾಗೆ ಶಬ್ದ ಕೊಡುವ ಕಲ್ಲು, ಹಲಸಿನ ಮರ, ಮೂಡು ದಿಕ್ಕಿನ ಕಿಟಕಿ, ಎಲ್ಲ ನಾನು ಜಗಲಿಯಲ್ಲಿ ಕೂತು ಕಟ್ಟಿದ್ದು. ಅಕ್ಕನಿಗೆ ಹೇಳಿದೆ, ಅವಳು ಅತ್ತಳು ಎಂದು ಬರೆದದ್ದೂ ಸುಳ್ಳು. ಆ ಸುಳ್ಳನ್ನು ನೀನು ಸುಲೈಮಾನನಿಗೆ ಓದಿ ಹೇಳಿದೆಯಲ್ಲ, ಆ ಪತ್ರ ಬಂದ ಮೇಲೆ ನನಗೆ ಎರಡು ತಿಂಗಳು ಪೆನ್ನು ಹಿಡಿಯಲು ಆಗಲಿಲ್ಲ.

ಪಂಥ ಚಹಾದ್ದಲ್ಲ. ಚಿನ್ನಯ್ಯನದ್ದು ತಪ್ಪು ಎಂದು ಬರೆಯಲು ಬಹಳ ಆಸೆ ಉಂಟು, ಆದರೆ ಅವನು ಪ್ರತಿ ಸಲ ಹೇಳಿದ. “ಶೆಟ್ರೇ, ಮೊದಲ ಮೂವರೊಳಗೆ ಬರ್ತಾನೆ ಅಂತ ಕಟ್ಟಿ, ನಾನು ಒಪ್ತೇನೆ. ಮೊದಲನೆಯವನೇ ಅಂತ ಯಾಕೆ ಹಟ?” ಹಾಗೆ ಕಟ್ಟಿದ್ದರೆ ಪುಣೆಯದನ್ನಾದರೂ ಗೆಲ್ಲುತ್ತಿದ್ದೆ. ನನ್ನ ಮನೆಯ ಹುಡುಗ ಎರಡನೆಯವ ಎಂದು ಹತ್ತು ಜನರ ಎದುರು ನನ್ನ ಬಾಯಿಂದಲೇ ಹೇಳಬೇಕಾ? ಕೋಳಿ ಅಂಕದಲ್ಲಿ ನಮ್ಮ ಮನೆಯ ಹುಂಜದ ಮೇಲೆ ನಾವು ಬೇರೆ ರೀತಿ ಕಟ್ಟುವುದಿಲ್ಲ. ನಿನ್ನನ್ನೂ ಹಾಗೆಯೇ ಅಖಾಡಕ್ಕೆ ಇಳಿಸಿದೆ. ಸೋತದ್ದನ್ನು ಮುಂದಿನದರಲ್ಲಿ ತುಂಬಿಸುವ, ಹೆಂಚಿನ ಮಾಡನ್ನೇ ಹಾಕಿಸುವ ಎಂದುಕೊಂಡೆ. ನೀನು ಅಲ್ಲಿ ಗಾಯದ ಜ್ವರದಲ್ಲಿ ಕೂತು ಬಾಣ ಬಿಡುವಾಗ ನಾನು ಇಲ್ಲಿ ನಿನ್ನ ಗೋಡೆಯನ್ನು ಕಟ್ಟಿ ಆಡುತ್ತಿದ್ದೆ.

ಬಂಟ್ವಾಳಕ್ಕೆ ನಾನು ಹೋದದ್ದು ಈ ಹನ್ನೆರಡಕ್ಕೆ. ನಿನ್ನ ಇಂಗ್ಲೆಂಡಿನ ಪತ್ರ ಬಂದ ಮೇಲೆ ಪೇಟೆಯಲ್ಲಿ ಮುಖ ತೋರಿಸಲಾಗದೆ ತಪ್ಪಿಸಿಕೊಂಡು ಹೋದದ್ದು, ಪುಣ್ಯಕ್ಕಾಗಿ ಅಲ್ಲ. ಮಮ್ಮು ಬ್ಯಾರಿ ಹೊಳೆಬದಿಯಲ್ಲಿ ಕಾಯಿ ಎಣಿಸುತ್ತಿದ್ದರು. ಯಾರೆಂದು ಹೇಳಿದ ಕೂಡಲೇ ಎದ್ದು ನಿಂತು ಎರಡೂ ಕೈ ಹಿಡಿದರು.

“ನೀವು ಶಂಭುವಿನ ಮಾವನಾ? ನನ್ನ ಮಗ ಎಲ್ಲ ಕಾಗದದಲ್ಲೂ ಬರೀತಿದ್ದ. ಶಂಭುವಿನ ಮಾವ ಹೊಸ್ತಿಲಿಲ್ಲದ ಕೋಣೆ ಕಟ್ಟಿಸ್ತಿದ್ದಾರೆ, ನೀವೂ ಹಾಗೇ ಮಾಡಿ ಬಾಪಾ ಅಂತ. ಬನ್ನಿ, ನೋಡಿ ಹೇಳಿ, ಸರಿ ಆಗಿದೆಯಾ ಅಂತ.”

ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದರು, ಶಂಭು. ಮೆಟ್ಟಿಲಿನ ಜಾಗದಲ್ಲಿ ಕಲ್ಲಿನ ಇಳಿಜಾರು. ಗಾಲಿ ಜಾರದ ಹಾಗೆ ಅಡ್ಡಕ್ಕೆ ಗೀರು ಹಾಕಿದ್ದಾರೆ. ಒಳಗೆ ಮಾಡಿನ ತೊಲೆಯಿಂದ ಹಗ್ಗ ಇಳಿಬಿಟ್ಟಿದ್ದಾರೆ, ಹಿಡಿದು ಏಳಲಿಕ್ಕೆ. ಕಿಟಕಿ ಬಹಳ ಕೆಳಗೆ ಉಂಟು. ನಾನು ಬಗ್ಗಿ ನೋಡಬೇಕಾಯಿತು. “ಖದೀಜ ಕುರ್ಚಿಯಲ್ಲಿ ಕೂತು ನೋಡಿ, ಹೊಳೆ ಇಲ್ಲಿಗೆ ಕಾಣ್ತದೆ ಅಂದಳು. ಅಲ್ಲಿಗೇ ಇಟ್ಟೆವು” ಎಂದರು ಮಮ್ಮು. ಮಂಚಕ್ಕೆ ಹೊಸ ಚಾಪೆ. ಯಾರೂ ಮಲಗಿಲ್ಲ. ಮೇ ಒಂದಕ್ಕೆ ಸುಣ್ಣ ಬಳಿದರಂತೆ.

ಚರ್ಮದ ತುಂಡನ್ನು ಖದೀಜ ತೆಗೆದುಕೊಂಡಳು. ಅದರಲ್ಲಿ ಬೆರಳಿನ ಗುಂಡಿ ಬಿದ್ದಿದೆಯಲ್ಲ, ಅದಕ್ಕೆ ತನ್ನ ಬೆರಳಿಟ್ಟು ನೋಡಿ ಒಳಗೆ ಹೋದಳು.

ಆಮೇಲೆ ಮಮ್ಮು ಕೇಳಿದರು, “ನಿಮ್ಮಲ್ಲಿ ಇಳಿಜಾರು ಎಷ್ಟು ಉದ್ದ ಕೊಟ್ಟಿರಿ ಶೆಟ್ರೇ? ನನ್ನದು ಸ್ವಲ್ಪ ಕಡಿದಾಯಿತಾ ಅಂತ ನನಗೆ ಸಂಶಯ.”

ನನ್ನ ಬಾಯಿ ನಿನಗೆ ಗೊತ್ತುಂಟು. ಯಾವ ಪ್ರಶ್ನೆಗೂ ಅದು ಸುಮ್ಮನಿದ್ದದ್ದಿಲ್ಲ. ಅಲ್ಲಿ ತೆರೆದೆ, ಏನೂ ಬರಲಿಲ್ಲ. ಹೊಳೆಯ ಕಡೆ ನೋಡುತ್ತಾ ನಿಂತೆ. ತಮ್ಮ ಮಗನನ್ನು ನೆನೆದು ದುಃಖಪಡುತ್ತಿದ್ದೇನೆಂದು ತಿಳಿದು ಅವರು ನನ್ನ ಬೆನ್ನು ಸವರಿದರು.

ಮನೆಗೆ ಬಂದು ಅಡಿಗೆಮನೆಯ ಬಾಗಿಲಲ್ಲಿ ಕೂತು ಅಕ್ಕನಿಗೆ ಎಲ್ಲ ಹೇಳಿದೆ. ಅವಳು ಅರೆಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

“ಎರಡು ಕಾಲೂವಾ?”

“ಎರಡೂ ಅಕ್ಕ.”

“ಬರುವುದೇ ಇಲ್ಲವಾ?”

“ಇಲ್ಲ.”

ಅರೆದದ್ದನ್ನು ಪೂರ್ತಿ ಬಾಚಿ ತೆಗೆದು, ಕಲ್ಲು ತೊಳೆದು, ಆಮೇಲೆ ಅಲ್ಲೇ ಗೋಡೆಗೆ ಒರಗಿ ಕೂತಳು. ಆ ದಿನ ಮನೆಯಲ್ಲಿ ಯಾರೂ ಅಡಿಗೆ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಅವಳೇ ಹುಕ್ರಪ್ಪನಿಗೆ ಹೇಳಿಕಳುಹಿಸಿದಳು. ಹಿತ್ತಿಲ ಬದಿಯಲ್ಲಿ ಭತ್ತ ಹಾಕುವ ಕೋಣೆ ನೆನಪುಂಟಲ್ಲ, ಆ ಕಡೆ ನೆಲ ಎತ್ತರ, ಮೆಟ್ಟಿಲಿಲ್ಲ. ಹೊಸ್ತಿಲು ಮಾತ್ರ ಅಡ್ಡ. ಹುಕ್ರಪ್ಪ ಪುನಃ ಲಕ್ಷ್ಮಿಯ ಮಾತು ತೆಗೆದ. ಅಕ್ಕ ಹೇಳಿದಳು, “ಈ ಹೊಸ್ತಿಲಿಗೆ ನಾನು ಮೂವತ್ತು ವರ್ಷ ಅರಸಿನ ಹಚ್ಚಿದ್ದೇನೆ. ತೆಗಿ ಅಂತ ಹೇಳ್ಲಿಕ್ಕೆ ನನಗೆ ಹಕ್ಕುಂಟು. ತೆಗಿ.” ಅವನು ಗರಗಸ ಹಾಕಿದ. ಅವಳು ಅಲ್ಲೇ ನಿಂತು ನೋಡಿದಳು.

ಆ ಕೋಣೆ ಹೇಗಿದೆ ಎಂದು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಅಗಲ ಏಳು ಅಡಿ. ಬಾಗಿಲು ಎರಡು ಮುಕ್ಕಾಲು ಅಡಿ, ಚೌಕಟ್ಟು ಕಿತ್ತು ದೊಡ್ಡದು ಮಾಡುವ ಕೆಲಸ ನಡೆಯುತ್ತಾ ಉಂಟು. ಕಿಟಕಿ ಒಂದೇ, ಮೇಲೆ ಉಂಟು, ಕೂತವನಿಗೆ ಆಕಾಶ ಮಾತ್ರ ಕಾಣುತ್ತದೆ. ಭತ್ತದ ಧೂಳಿನ ವಾಸನೆ ಹೋಗಿಲ್ಲ. ಸ್ನಾನದ ಮನೆಗೆ ಹೋಗುವ ದಾರಿ ಮಳೆಗಾಲದಲ್ಲಿ ಕೆಸರು, ಅದಕ್ಕೆ ಕಲ್ಲು ಹಾಸಬೇಕು. ಕಲ್ಲು ಹೊರುವವ ನಾನು. ನಿನ್ನೆಯಿಂದ ಹೊರುತ್ತಿದ್ದೇನೆ, ಹನ್ನೆರಡು ಕಲ್ಲು ಆಯಿತು. ಸೆಪ್ಟೆಂಬರಿಗೆ ಮುಗಿಯುತ್ತದೆ ಎಂದು ಮಾತು ಕೊಡುವುದಿಲ್ಲ. ನನ್ನ ಮಾತಿಗೆ ಈಗ ಬೆಲೆ ಇಲ್ಲ.

ಇದು ನಿನಗೆ ಆಗುತ್ತದೆ ಎಂದಾದರೆ ಮನೆ ಎಂದು ಬರೆ. ಆಗುವುದಿಲ್ಲ ಎಂದಾದರೆ ಆ ಆಶ್ರಯಧಾಮಕ್ಕೆ ಸಹಿ ಹಾಕು, ಅಕ್ಕನನ್ನು ಕರೆದುಕೊಂಡು ನಾನೇ ಅಲ್ಲಿಗೆ ಬರುತ್ತೇನೆ. ನಿನ್ನ ಸಹಿಗೆ ನನ್ನ ಸುಳ್ಳು ಆಧಾರ ಆಗಬಾರದು.

ಒಂದು ಉಳಿಯಿತು. ಎಷ್ಟು ಹೋಯಿತು ಎಂದು ಅಕ್ಕ ಕೇಳಿದಳು. ಮುನ್ನೂರು ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. “ನನಗೆ ಹೇಳಿದ್ದು ಇರಲಿ. ಹಣ ಅವನದ್ದು, ಸಹಿ ಹಾಕುವವ ಅವ. ಅವನಿಗೆ ಸರಿಯಾದದ್ದು ಬರೆ” ಎಂದಳು. ಈಗಲೂ ಬಾಗಿಲಲ್ಲಿ ಕೂತು ನಾನು ಬರೆಯುವುದನ್ನು ನೋಡುತ್ತಿದ್ದಾಳೆ. ಅಕ್ಷರ ಬಾರದವಳು, ಆದರೂ ಹೆದರಿಕೆಯಾಗುತ್ತದೆ.

ಪುಣೆಗೆ ಇನ್ನೂರು. ಬೊಂಬಾಯಿಗೆ ಮುನ್ನೂರು. ಇಂಗ್ಲೆಂಡಿಗೆ, ಉಳಿದದ್ದರಲ್ಲಿ ನಲವತ್ತು ಕೈಯಲ್ಲಿಟ್ಟುಕೊಂಡು ಬಾಕಿ ಎಲ್ಲ. ಶಂಭು, ನೀನು ಕಳುಹಿಸಿದ ಸಾವಿರದಲ್ಲಿ ನಾನು ಕಳೆದದ್ದು ಒಂಬೈನೂರ ಅರವತ್ತು ರೂಪಾಯಿ.